ಎರಡಾಣೆಯ ಶಿಸ್ತು

(ಸಂಘದ ವಾರ್ಷಿಕ ಉಪನ್ಯಾಸ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಆತ್ಮಶಿಸ್ತು, ಸಕಾರಾತ್ಮಕ ಚಿಂತನೆ ಹಾಗೂ ನೈತಿಕ ಮೌಲ್ಯಗಳ ಕುಸಿತ ಎಂಬ ವಿಷಯವನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಸಂಘದ ಮಿತ್ರರು ಕೇಳಿದ್ದಾರೆ. ಈ ವಿಷಯ ಎತ್ತಿಕೊಂಡವರಿಗೆ ಒಂದು ಅಪಾಯ ಕಾದಿರುತ್ತದೆ. ಹಿಂದಿನದೆಲ್ಲ ಸತ್ಯಯುಗ, ಇಂದಿನದೆಲ್ಲ ಕಲಿಗಾಲ ಎಂದು ಘೋಷಿಸಿ, ಯುವಜನರಿಗೆ ಬುದ್ಧಿಮಾತು ಒಪ್ಪಿಸಿ ಕುಳಿತುಬಿಟ್ಟರೆ ಚಪ್ಪಾಳೆಗೆ ಕೊರತೆಯಾಗದು. ಆದರೆ ಮನೆಗೆ ಹಿಂದಿರುಗುವಾಗ ಯಾರ ಕೈಗೂ ಏನೂ ದಕ್ಕಿರುವುದಿಲ್ಲ. ಆದ್ದರಿಂದ ಸದ್ಗುಣಗಳ ಪಟ್ಟಿಯನ್ನು ಓದುವ ಬದಲು, ನಮ್ಮ ನಾಡಿನಲ್ಲಿಯೇ ಹುಟ್ಟಿ, ಇಲ್ಲಿ ಕುಳಿತಿರುವ ಅನೇಕರ ಕುಟುಂಬಗಳಿಗೆ ಪರಿಚಿತವಾದ ಒಂದು ಪುಟ್ಟ ಏರ್ಪಾಡನ್ನು ಮುಂದಿಟ್ಟುಕೊಂಡು ಈ ಮೂರು ಮಾತುಗಳ ಅರ್ಥವನ್ನು ಹುಡುಕಲು ಯತ್ನಿಸುತ್ತೇನೆ. ಆ ಏರ್ಪಾಡಿನ ಹೆಸರು ಪಿಗ್ಮಿ ಠೇವಣಿ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ಕರಾವಳಿಯಲ್ಲಿ ಒಂದು ಸೋಜಿಗ ನಡೆಯಿತು. ದೊಡ್ಡ ಕೈಗಾರಿಕೆಯಾಗಲಿ ರಾಜಾಶ್ರಯವಾಗಲಿ ಇಲ್ಲದ ಒಂದು ಜಿಲ್ಲೆಯಲ್ಲಿ ಸಾಲುಸಾಲಾಗಿ ಬ್ಯಾಂಕುಗಳು ಹುಟ್ಟಿಕೊಂಡವು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಕೆನರಾ ಬ್ಯಾಂಕಿಗೆ ಬುನಾದಿ ಹಾಕಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆಯನ್ನು ಆರಂಭಿಸಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಬಂದವು. ಇವುಗಳ ನಡುವೆ, 1925ರಲ್ಲಿ, ಉಡುಪಿಯಲ್ಲಿ ವೈದ್ಯರಾದ ಡಾ. ಟಿ.ಎಂ.ಎ. ಪೈ, ವ್ಯಾಪಾರಿಗಳಾದ ಉಪೇಂದ್ರ ಅನಂತ ಪೈ ಮತ್ತು ಎಂಜಿನಿಯರರಾದ ವಾಮನ ಕುಡ್ವ ಈ ಮೂವರು ಸೇರಿ ಕೇವಲ 8,000 ರೂಪಾಯಿ ಬಂಡವಾಳದಿಂದ ಕಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಕೈಮಗ್ಗದ ನೇಕಾರರು ಆಗ ಸಂಕಟದಲ್ಲಿದ್ದರು. ಅವರ ಕೈಹಿಡಿಯುವುದೇ ಅದರ ಮೊದಲ ಉದ್ದೇಶವಾಗಿತ್ತು.

ಈ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ಸಂಗ್ರಾಹಕನೊಬ್ಬ ದಿನವೂ ಮನೆಮನೆಗೆ, ಅಂಗಡಿ ಅಂಗಡಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸ್ವೀಕರಿಸಿ ಬರೆದುಕೊಂಡು ಹೋಗುತ್ತಿದ್ದ. ಎರಡಾಣೆ ಎಂದರೆ ರೂಪಾಯಿಯ ಎಂಟನೆಯ ಒಂದು ಪಾಲು. ಒಂದು ದಿನವೂ ತಪ್ಪಿಸದೆ ಕಟ್ಟಿದರೆ ವರ್ಷಕ್ಕೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ. ಅಂದಿನ ಬಡ ಕುಟುಂಬಕ್ಕೆ ಅದು ಅಲ್ಪ ಮೊತ್ತವಾಗಿರಲಿಲ್ಲ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದವರ ಹೊಸ್ತಿಲಿಗೆ ಬ್ಯಾಂಕೇ ನಡೆದುಬಂದದ್ದು ಈ ಯೋಜನೆಯ ವೈಶಿಷ್ಟ್ಯ.

ಇದರಲ್ಲಿ ಆತ್ಮಶಿಸ್ತಿನ ಮಾತು ಎಲ್ಲಿ ಬಂತು ಎಂದು ತಾವು ಕೇಳಬಹುದು. ಶಿಸ್ತು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬೆತ್ತ, ಕವಾಯತು, ಗಂಟೆ. ಅವೆಲ್ಲ ಹೊರಗಿನಿಂದ ಹೇರಿದ ಕಟ್ಟು. ಹೇರುವವನು ಮರೆಯಾದ ಕ್ಷಣ ಅದೂ ಸಡಿಲಗೊಳ್ಳುತ್ತದೆ. ಆತ್ಮಶಿಸ್ತು ಬೇರೆಯದು. ಸಂಜೆ ಕೈಗೆ ಬಂದ ಕೂಲಿಯಲ್ಲಿ ಎರಡಾಣೆಯನ್ನು ತೆಗೆದಿಡುವಂತೆ ಯಾವ ಕಾನೂನೂ ಒತ್ತಾಯಿಸಿರಲಿಲ್ಲ. ಆ ಹಣಕ್ಕೆ ಹತ್ತು ದಾರಿಗಳಿದ್ದವು, ಅವುಗಳಲ್ಲಿ ಹಲವು ನ್ಯಾಯವಾದವೇ ಆಗಿದ್ದವು. ಆದರೂ ಅದನ್ನು ನಾಳೆಗೆಂದು ಎತ್ತಿಟ್ಟವನು ತನ್ನ ಮೇಲೆ ತಾನೇ ಅಧಿಕಾರ ನಡೆಸಿದ. ಇದು ಒಮ್ಮೆ ಮಾಡಿ ಮುಗಿಸುವ ಸಾಹಸವಲ್ಲ, ದಿನದಿನವೂ ಮಾಡಬೇಕಾದ ಕೆಲಸ. ಇನ್ನೊಂದು ಕಡೆಯಲ್ಲಿ, ಆ ಹಣವನ್ನು ಬೀದಿಯಲ್ಲಿ ಪಡೆದ ಸಂಗ್ರಾಹಕನಿಗೂ ಒಂದು ಶಿಸ್ತು ಬೇಕಿತ್ತು. ಅವನ ಜೇಬಿನಲ್ಲಿದ್ದದ್ದು ಅವನದಲ್ಲದ ಹಣ. ಕೊನೆಯಲ್ಲಿ, ಅದನ್ನು ಯಾರಿಗೆ ಸಾಲವಾಗಿ ಕೊಡಬೇಕೆಂದು ನಿರ್ಧರಿಸುವ ಬ್ಯಾಂಕಿನವನಿಗೂ ಅದೇ ಶಿಸ್ತು ಬೇಕಿತ್ತು. ಕೊಡುವವನು, ಒಯ್ಯುವವನು, ಕಾಯುವವನು – ಈ ಮೂವರ ಸಂಯಮ ಒಂದಾದಾಗ ಹುಟ್ಟುವುದನ್ನೇ ನಾವು ವಿಶ್ವಾಸ ಎನ್ನುತ್ತೇವೆ. ಮೂವರಲ್ಲಿ ಒಬ್ಬನು ತಪ್ಪಿದರೂ ಅದು ಉಳಿಯದು.

ಇನ್ನು ಸಕಾರಾತ್ಮಕ ಚಿಂತನೆ. ಈಚಿನ ದಶಕಗಳಲ್ಲಿ ಈ ಮಾತು ಒಂದು ಸರಕಾಗಿದೆ. ಕನ್ನಡಿಯ ಮುಂದೆ ನಿಂತು ಗೆಲ್ಲುತ್ತೇನೆ ಎಂದು ಹತ್ತು ಸಲ ಹೇಳಿಕೊಂಡರೆ ಗೆಲುವು ಒಲಿದುಬರುತ್ತದೆಂದು ಬೋಧಿಸುವ ಶಿಬಿರಗಳಿಗೆ ಲೆಕ್ಕವಿಲ್ಲ. ಆಶೆ ಬೇಕು, ನಿಜ. ಆದರೆ ಎರಡಾಣೆ ಕಟ್ಟಿದವನ ಆಶೆಯ ಬಗೆಯೇ ಬೇರೆ. ನಾಳೆ ಎಂಬುದೊಂದು ಇದೆ, ಇಂದಿನ ನನ್ನ ಸಣ್ಣ ಕೆಲಸ ಅಲ್ಲಿಗೆ ತಲುಪುತ್ತದೆ ಎಂಬುದು ಅವನ ನಂಬುಗೆ. ಆ ನಂಬುಗೆಗೆ ಅವನು ದಿನವೂ ಬೆಲೆ ತೆರುತ್ತಿದ್ದ. ಮುಂಬಯಿ ಮಹಾನಗರದ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಗಲೆಲ್ಲ ಹೋಟೆಲಿನಲ್ಲಿ ಮೇಜು ಒರೆಸಿ, ಲೋಟ ತೊಳೆದು, ರಾತ್ರಿ ಕಣ್ಣೆಳೆಯುತ್ತಿರುವಾಗ ಕನ್ನಡ ರಾತ್ರಿ ಶಾಲೆಯ ಬೆಂಚಿನ ಮೇಲೆ ಕುಳಿತು ಮೆಟ್ರಿಕ್ ಮುಗಿಸಿದ ಹುಡುಗರು ಮುಂದೆ ಗುಮಾಸ್ತರಾದರು, ವಕೀಲರಾದರು, ಹೋಟೆಲುಗಳ ಒಡೆಯರಾದರು. ಸಕಾರಾತ್ಮಕ ಚಿಂತನೆ ಎಂಬ ಪದವನ್ನು ಅವರು ಕೇಳಿರಲಿಲ್ಲ, ಅದನ್ನು ಬಾಳಿದರು.

ಆಶೆಗೆ ಶಿಸ್ತು ಜೊತೆಯಾಗದಿದ್ದರೆ ಅದು ದುರಾಶೆಯಾಗುತ್ತದೆ. ಇದಕ್ಕೆ ನಮ್ಮ ಕಣ್ಣೆದುರೇ ನಿದರ್ಶನವಿದೆ. ಷೇರು ಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2024ರ ಸೆಪ್ಟೆಂಬರಿನಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿತು. 2021-22ರಿಂದ ಮೂರು ಆರ್ಥಿಕ ವರ್ಷಗಳಲ್ಲಿ ಷೇರುಗಳ ವಾಯಿದಾ ವ್ಯವಹಾರಕ್ಕೆ ಇಳಿದ ಸಾಮಾನ್ಯ ಜನರಲ್ಲಿ ಶೇಕಡ 93ರಷ್ಟು ಮಂದಿ ಹಣ ಕಳೆದುಕೊಂಡಿದ್ದರು; ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತ್ತು. ಇವರಲ್ಲಿ ಯಾರೂ ನಿರಾಶಾವಾದಿಗಳಾಗಿರಲಿಲ್ಲ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು 2025ರ ಆಗಸ್ಟಿನಲ್ಲಿ ಸಂಸತ್ತು ಕಾಯಿದೆಯನ್ನೇ ಮಾಡಬೇಕಾಯಿತು. ದಿನಕ್ಕೆ ಎರಡಾಣೆ ಕೂಡಿಟ್ಟ ಅಜ್ಜನ ಮೊಮ್ಮಗ ಕೈಯಲ್ಲಿನ ಮೊಬೈಲಿನಿಂದ ಅರ್ಧ ಗಂಟೆಯಲ್ಲಿ ತಿಂಗಳ ಸಂಬಳವನ್ನು ಕಳೆಯಬಲ್ಲ. ಅಜ್ಜನಿಗೆ ಹೊಸ್ತಿಲಿಗೆ ಬಂದದ್ದು ಉಳಿತಾಯ. ಮೊಮ್ಮಗನ ಹೊಸ್ತಿಲಿಗೆ ಬಂದಿರುವುದು ಜೂಜು.

ಇಲ್ಲಿ ಹನ್ನೆರಡನೆಯ ಶತಮಾನದ ಒಬ್ಬ ಶರಣೆಯನ್ನು ನೆನೆಯದೆ ಮುಂದೆ ಹೋಗಲಾರೆ. ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಲ್ಲೆನೆಂದಳು. ಹೆಚ್ಚಿನದನ್ನು ತಂದಲ್ಲಿಯೇ ಚೆಲ್ಲಿ ಬರುವಂತೆ ಹಿಂದಕ್ಕೆ ಕಳುಹಿಸಿದಳು. ಗಮನಿಸಬೇಕು: ಆ ಅಕ್ಕಿ ಕದ್ದದ್ದಲ್ಲ, ಯಾರೂ ಆಕ್ಷೇಪಿಸಿರಲಿಲ್ಲ. ಇಷ್ಟು ಸಾಕು ಎಂಬ ಗೆರೆಯನ್ನು ಆ ಬಡ ಹೆಣ್ಣುಮಗಳು ತಾನೇ ಎಳೆದುಕೊಂಡಿದ್ದಳು. ಕೂಡಿಡುವ ಶಿಸ್ತಿಗಿಂತ ಒಂದು ಮೆಟ್ಟಿಲು ಮೇಲಿನದು ಈ ಶಿಸ್ತು.

ಈ ಗೆರೆ ಅಳಿಸಿಹೋಗುವ ಬಗೆಯನ್ನೇ ನಾವು ಮೌಲ್ಯಗಳ ಕುಸಿತ ಎನ್ನುವುದು. ಕುಸಿತ ಎಂಬ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಭಾರಿ ಸದ್ದಿನೊಡನೆ ಏನೋ ಒಮ್ಮೆಗೇ ಬಿದ್ದಿತೆಂಬ ಭಾವನೆ ಬರುತ್ತದೆ. ವಾಸ್ತವವಾಗಿ ಅಧಃಪತನಕ್ಕೂ ಒಂದು ಪಿಗ್ಮಿ ಖಾತೆ ಇದೆ. ಅಲ್ಲಿಯೂ ದಿನಕ್ಕೆ ಎರಡಾಣೆಯಂತೆಯೇ ಜಮೆಯಾಗುವುದು. ಕಚೇರಿಯಲ್ಲಿ ಕಡತ ಸರಿಯಲೆಂದು ಚಹದ ನೆಪದಲ್ಲಿ ಕೊಟ್ಟ ಹಣ, ಮಗನ ಕಾಲೇಜು ಸೀಟಿಗೆಂದು ರಸೀದಿಯಿಲ್ಲದೆ ತೆತ್ತ ದೇಣಿಗೆ, ಮನೆ ಕೊಳ್ಳುವಾಗ ಕಾಗದದ ಮೇಲೊಂದು ಕೈಯಲ್ಲೊಂದು ಬೆಲೆ – ಪ್ರತಿಯೊಂದಕ್ಕೂ ನಮ್ಮಲ್ಲಿ ಒಂದು ಸಮಾಧಾನ ಸಿದ್ಧವಾಗಿರುತ್ತದೆ: "ಎಲ್ಲರೂ ಮಾಡುತ್ತಾರೆ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಬೇಕು." ಹೀಗೆ ದಿನದಿನವೂ ಕಟ್ಟಿದ ಕಂತು ಒಂದು ದಿನ ಬಡ್ಡಿಸಹಿತ ಕೈಗೆ ಬರುತ್ತದೆ.

ಅದು ಹೇಗೆ ಬರುತ್ತದೆಂಬುದನ್ನು ಈ ನಗರವೇ ಕಂಡಿದೆ. 1992ರಲ್ಲಿ ಬೆಳಕಿಗೆ ಬಂದ ಷೇರು ಹಗರಣದಲ್ಲಿ, ಹಿಂದೆ ಯಾವ ಸರ್ಕಾರಿ ಪತ್ರವೂ ಇಲ್ಲದ ಬರಿಯ ರಸೀದಿಗಳ ಬಲದ ಮೇಲೆ ಬ್ಯಾಂಕುಗಳ ಹಣ ಪೇಟೆಗೆ ಹರಿದಿತ್ತು. ಒಬ್ಬಿಬ್ಬರ ಹೆಸರು ಪತ್ರಿಕೆಗಳಲ್ಲಿ ಮೆರೆಯಿತು. ಆದರೆ ಪ್ರತಿ ರಸೀದಿಯ ಕೆಳಗೂ ಒಂದು ಸಹಿ ಇತ್ತು, ಪ್ರತಿ ಸಹಿಯ ಹಿಂದೆಯೂ ನೋಡಿ ನೋಡದಂತಿದ್ದ ಒಬ್ಬ ಮನುಷ್ಯನಿದ್ದ. 2019ರ ಸೆಪ್ಟೆಂಬರಿನಲ್ಲಿ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ, ಗ್ರಾಹಕರು ಆರು ತಿಂಗಳಿಗೆ 1,000 ರೂಪಾಯಿಯಷ್ಟನ್ನೇ ತೆಗೆಯಬಹುದೆಂದು ಮೊದಲು ಆಜ್ಞೆಯಾಯಿತು. ಒಂದೇ ಬಳಗದ ಕಂಪನಿಗಳಿಗೆ ಕೊಟ್ಟ ಭಾರಿ ಸಾಲವನ್ನು ಮರೆಮಾಚಲು ಸಾವಿರಾರು ಸುಳ್ಳು ಖಾತೆಗಳನ್ನು ಸೃಷ್ಟಿಸಲಾಗಿತ್ತೆಂಬುದು ತನಿಖೆಯಲ್ಲಿ ಕೇಳಿಬಂದ ಆರೋಪ. ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟಿದ್ದ ವೃದ್ಧರು ಶಾಖೆಗಳ ಬಾಗಿಲಲ್ಲಿ ನಿಂತರು. 2020ರ ಫೆಬ್ರವರಿಯಲ್ಲಿ ಠೇವಣಿ ವಿಮೆಯ ಮಿತಿಯನ್ನು 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಒಳ್ಳೆಯದೇ ಆಯಿತು. ಆದರೆ ವಿಮೆಯಿಂದ ಹಣವನ್ನು ತುಂಬಿಕೊಡಬಹುದು, ವಿಶ್ವಾಸವನ್ನಲ್ಲ.

ಸಾರ್ವಜನಿಕ ಜೀವನದ ಮಾತೂ ಇದೇ. ಸರ್ಕಾರದ ಕೆಲಸ ದೇವರ ಕೆಲಸ ಎಂಬ ವಾಕ್ಯ ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧದ ಮುಂಭಾಗದಲ್ಲಿದೆ. ಅದರ ಕೆಳಗೆ ನಡೆದದ್ದೆಲ್ಲ ದೇವರು ಮೆಚ್ಚುವ ಕೆಲಸವೇ ಎಂದು ಯಾರೂ ಹೇಳಲಾರರು. 1984ರ ಕಾಯಿದೆ ನಮಗೆ ಲೋಕಾಯುಕ್ತವನ್ನು ಕೊಟ್ಟಿತು. 2011ರ ಜುಲೈನಲ್ಲಿ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿ ಸಲ್ಲಿಸಿದಾಗ ಮುಖ್ಯಮಂತ್ರಿಯೊಬ್ಬರು ಅಧಿಕಾರ ಬಿಡಬೇಕಾಯಿತು. ಅದೇ ಲೋಕಾಯುಕ್ತದ ತನಿಖಾಧಿಕಾರವನ್ನು 2016ರಲ್ಲಿ ಬೇರೊಂದು ದಳಕ್ಕೆ ವಹಿಸಲಾಯಿತು. ಆ ದಳವನ್ನು ರದ್ದುಪಡಿಸಿ ಅಧಿಕಾರವನ್ನು ಹಿಂದಿರುಗಿಸಲು 2022ರಲ್ಲಿ ಉಚ್ಚ ನ್ಯಾಯಾಲಯವೇ ತೀರ್ಪು ಕೊಡಬೇಕಾಯಿತು. ಸಂಸ್ಥೆಗಳನ್ನು ಕಟ್ಟಲು ಕಾನೂನು ಬೇಕು. ಅವು ನಿಲ್ಲಲು ಕಾನೂನಿಗಿಂತ ಹೆಚ್ಚಿನದೊಂದು ಬೇಕು. ಮತ ಹಾಕಲು ನೋಟು ಪಡೆದ ಕೈಗೆ ಆಳುವವರ ಕಡೆ ಬೆರಳು ತೋರುವ ನೈತಿಕ ಬಲ ಎಲ್ಲಿಂದ ಬರಬೇಕು?

ಹಾಗೆಂದು ಎಲ್ಲವೂ ಕೆಟ್ಟಿತೆಂದು ಕೈಚೆಲ್ಲುವುದು ನನ್ನ ಅಭಿಪ್ರಾಯವಲ್ಲ. ಎರಡಾಣೆಯ ಆ ಕಾಲದಲ್ಲಿಯೇ ಅಸ್ಪೃಶ್ಯತೆ ಹಗಲು ಬೆಳಕಿನಲ್ಲಿ ನಡೆಯುತ್ತಿತ್ತು. ಅದನ್ನು ಮೌಲ್ಯವೆಂದೇ ಭಾವಿಸಿದವರೂ ಇದ್ದರು. ಸಂವಿಧಾನದ 17ನೆಯ ವಿಧಿ ಅದನ್ನು ಅಪರಾಧವೆಂದು ಸಾರಿತು. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಂತೆ ಮಗಳಿಗೂ ಸಮಪಾಲು ಎಂದು ದೇಶಕ್ಕೆಲ್ಲ ಅನ್ವಯಿಸುವ ತಿದ್ದುಪಡಿ ಬಂದದ್ದು 2005ರಲ್ಲಿ. ಮನುಷ್ಯ ಮೇಲಕ್ಕೂ ಏರಬಲ್ಲನೆಂಬುದಕ್ಕೆ ಇವು ಸಾಕ್ಷಿ. ಕಳೆದುಕೊಂಡದ್ದನ್ನೂ ಗಳಿಸಿದ್ದನ್ನೂ ಎರಡು ಕಡೆ ಬರೆದು ನೋಡುವುದೇ ನಿಜವಾದ ಸಕಾರಾತ್ಮಕ ಚಿಂತನೆ. ಬರಿಯ ನಿರಾಶೆ ಒಂದು ಬಗೆಯ ಸೋಮಾರಿತನ. ಕಾಲ ಕೆಟ್ಟಿದೆ ಎಂದವನು ತಾನು ಮಾಡಬೇಕಾದುದರಿಂದ ಬಿಡುಗಡೆ ಪಡೆದುಬಿಡುತ್ತಾನೆ.

ಹಾಗಾದರೆ ಮಾಡಬೇಕಾದುದೇನು? ಮಹಾತ್ಮಾ ಗಾಂಧಿಯವರು ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಬಸ್ಸಿನ ದರ, ಅಂಚೆಯ ವೆಚ್ಚವನ್ನೂ ಬಿಡದೆ ಬರೆದಿಟ್ಟು, ಪ್ರತಿ ರಾತ್ರಿ ಮಲಗುವ ಮುನ್ನ ಲೆಕ್ಕ ಸರಿಹೊಂದಿಸುತ್ತಿದ್ದರೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಮುಂದೆ ಲಕ್ಷಗಟ್ಟಲೆ ಸಾರ್ವಜನಿಕ ಹಣ ಅವರ ಕೈಯಲ್ಲಿ ಸುರಕ್ಷಿತವಾಗಿದ್ದುದಕ್ಕೆ ಆ ಕಾಸಿನ ಲೆಕ್ಕವೇ ತಳಹದಿ. ನಮ್ಮ ಮನೆಗಳಲ್ಲಿ ಇಂಥದೊಂದು ಪುಸ್ತಕವಿರಲಿ, ಅದು ಮಕ್ಕಳ ಕಣ್ಣಿಗೆ ಬೀಳುವಲ್ಲಿರಲಿ. ನಾವು ಕೊಟ್ಟ ಹಣಕ್ಕೆ ರಸೀದಿ ಕೇಳುವುದನ್ನು ಅವರು ನೋಡಲಿ. ನಮ್ಮ ಸಂಘಸಂಸ್ಥೆಗಳಲ್ಲಿ ಜಮಾಖರ್ಚನ್ನು ಓದುವಾಗ ಊಟಕ್ಕೆ ತಡವಾಯಿತೆಂದು ಗೊಣಗದೆ, ಸದಸ್ಯರು ಕುಳಿತು ಕೇಳಿ ಎರಡು ಪ್ರಶ್ನೆ ಎತ್ತುವಂತಾಗಲಿ. ಪ್ರಶ್ನೆ ಅಪನಂಬಿಕೆಯ ಗುರುತಲ್ಲ; ಖಜಾಂಚಿಯ ಪ್ರಾಮಾಣಿಕತೆಗೆ ನಾವು ಕೊಡುವ ಗೌರವ.

ಪರನಾಡಿನಲ್ಲಿ ನೆಲೆಸಿದವರಿಗೆ ಇದರಲ್ಲಿ ಇನ್ನೊಂದು ಹೊಣೆಯೂ ಇದೆ. ನೆರೆಯ ಮರಾಠಿಯವರು, ಗುಜರಾತಿಯವರು ಕನ್ನಡ ನಾಡನ್ನು ಅಳೆಯುವುದು ನಮ್ಮ ಕಾವ್ಯದಿಂದಲ್ಲ, ನಮ್ಮ ಅಂಗಡಿಯ ತಕ್ಕಡಿಯಿಂದ, ಕಚೇರಿಯ ಮೇಜಿನಿಂದ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ವಿಜಯಾ, ಕಾರ್ಪೊರೇಷನ್ ಎಂಬ ಹೆಸರುಗಳೂ ಫಲಕಗಳಿಂದ ಮರೆಯಾದವು. ಅನೇಕ ಕನ್ನಡಿಗರಿಗೆ ಅದರಿಂದ ನೋವಾಯಿತು, ಸಹಜ. ಆದರೆ ಹೆಸರುಗಳನ್ನು ಉಳಿಸುವುದು ನಮ್ಮ ಕೈಯಲ್ಲಿರಲಿಲ್ಲ. ಆ ಹೆಸರುಗಳನ್ನು ಬೆಳೆಸಿದ ಎರಡಾಣೆಯ ಶಿಸ್ತನ್ನು ಉಳಿಸುವುದು ಇಂದಿಗೂ ನಮ್ಮ ಕೈಯಲ್ಲಿದೆ. ಅದಕ್ಕೆ ಯಾವ ಸರ್ಕಾರದ ಅನುಮತಿಯೂ ಬೇಕಿಲ್ಲ, ಮುಹೂರ್ತವೂ ಬೇಕಿಲ್ಲ. ಇಂದಿನ ಕಂತನ್ನು ಇಂದೇ ಕಟ್ಟಿದರೆ ಸಾಕು.