ಕೊಬ್ಬರಿ ಸೀಮೆಗೆ ಬಂದ ಕಪ್ ಕೇಕು

ಒಬ್ಬರಿಗೆ ಸಾಕಾಗುವಷ್ಟು ಹಿಟ್ಟನ್ನು ಸಣ್ಣ ಬಟ್ಟಲಿಗೆ ಹೊಯ್ದು ಬೇಯಿಸಿ, ಅದರ ನೆತ್ತಿಯ ಮೇಲೆ ಕ್ರೀಮಿನಿಂದ ಹೂವನ್ನೋ ಬೆಕ್ಕಿನ ಮುಖವನ್ನೋ ಬಿಡಿಸಿದರೆ ಹುಟ್ಟುಹಬ್ಬದ ಕಪ್ ಕೇಕು ಸಿದ್ಧ. ಇದರಲ್ಲಿ ಬೇಯಿಸುವುದಕ್ಕೆ ಒಂದು ಚರಿತ್ರೆ, ಸಿಂಗರಿಸುವುದಕ್ಕೆ ಇನ್ನೊಂದು. ಮೊದಲನೆಯದು ಹೊರಗಿನಿಂದ ಬಂದದ್ದು. ಎರಡನೆಯದರ ಬೇರು ಮಾತ್ರ ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಯ ಅಡುಗೆಮನೆಗಳಲ್ಲಿ ಕೇಕಿಗಿಂತ ಹಳೆಯದು.

ಸಣ್ಣ ಬಟ್ಟಲುಗಳಲ್ಲಿ ಬೇಯಿಸುವ ಹಗುರ ಕೇಕಿನ ವಿಧಾನ ಅಮೀಲಿಯಾ ಸಿಮ್ಮನ್ಸ್ ಎಂಬಾಕೆ 1796ರಲ್ಲಿ ಪ್ರಕಟಿಸಿದ ‘ಅಮೆರಿಕನ್ ಕುಕರಿ’ಯಲ್ಲಿ ಸಿಗುತ್ತದೆ. 1828ರಲ್ಲಿ ಎಲಿಜಾ ಲೆಸ್ಲಿಯವರ ಪುಸ್ತಕದಲ್ಲಿ ಕಪ್ ಕೇಕ್ ಎಂಬ ಹೆಸರೇ ಅಚ್ಚಾಯಿತು. ಸೌದೆ ಒಲೆಯ ಕಾಲದಲ್ಲಿ ದೊಡ್ಡ ಕೇಕಿನ ನಡುಭಾಗ ಬೇಯುವಷ್ಟರಲ್ಲಿ ಅಂಚು ಸೀದುಹೋಗುವುದು ಸಾಮಾನ್ಯ. ಸಣ್ಣ ಬಟ್ಟಲಿನದು ಬೇಗ ಬೆಂದು ಆ ತೊಂದರೆಯಿಂದ ಪಾರಾಗುತ್ತಿತ್ತು. 1843ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ ಎಂಬ ರಸಾಯನಜ್ಞ, ಯೀಸ್ಟು ಮೈಗೊಗ್ಗದ ತನ್ನ ಹೆಂಡತಿಗಾಗಿ ಬೇಕಿಂಗ್ ಪೌಡರ್ ತಯಾರಿಸಿದ. ಹಿಟ್ಟು ಉಬ್ಬಿಸಲು ಗಂಟೆಗಟ್ಟಲೆ ಕಾಯಬೇಕಾದ, ಮೊಟ್ಟೆಯನ್ನು ಗೊಟಾಯಿಸುತ್ತಲೇ ಇರಬೇಕಾದ ಕಷ್ಟ ಆಮೇಲೆ ತಗ್ಗಿತು. ಮೊಟ್ಟೆ ಮುಟ್ಟದ ಮನೆಗಳಿಗೂ ಕೇಕು ಬರಲು ಈ ಪುಡಿಯೂ ದಾರಿಯಾಯಿತು.

ಹುಟ್ಟುಹಬ್ಬಕ್ಕೂ ಕೇಕಿಗೂ ನಂಟು ಬೆಸೆದವರು ಜರ್ಮನರು. ಕೌಂಟ್ ಜಿನ್ಜೆನ್‌ಡಾರ್ಫ್ ಎಂಬ ಶ್ರೀಮಂತನ 1746ರ ಹುಟ್ಟುಹಬ್ಬದಲ್ಲಿ ವಯಸ್ಸಿಗೊಂದರಂತೆ ಮೇಣದ ಬತ್ತಿ ಚುಚ್ಚಿದ ದೊಡ್ಡ ಕೇಕು ಇತ್ತೆಂಬ ವರ್ಣನೆ ಉಳಿದುಬಂದಿದೆ.

ತೆಂಗಿನಿಂದ ಕಲ್ಪತರು ನಾಡೆನಿಸಿದ ತುಮಕೂರು ಸೀಮೆಯ ಪದ್ಧತಿ ಬೇರೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಕಂದಿಕೆರೆಯಂಥ ಊರುಗಳಲ್ಲಿ ಮಗು ಹುಟ್ಟಿದ ದಿನವನ್ನು ನೆನೆಯುತ್ತಿದ್ದದ್ದು ತಿಥಿ, ನಕ್ಷತ್ರದ ಲೆಕ್ಕದಲ್ಲಿ. ಎಣ್ಣೆ ನೀರು, ಹೊಸ ಬಟ್ಟೆ, ದೇವಸ್ಥಾನದಲ್ಲಿ ಅರ್ಚನೆ, ಪಾಯಸ, ಸಂಜೆಗೆ ಆರತಿ. ವರ್ಷ ತುಂಬಿದಾಗ ಅಬ್ದಪೂರ್ತಿ ಮಾಡುವ ಮನೆಗಳೂ ಇದ್ದವು. ಇಲ್ಲಿ ದೀಪ ಹಚ್ಚುವುದೇ ಹೊರತು ಆರಿಸುವುದಿಲ್ಲ. ಉಫ್ ಎಂದು ಊದಿ ದೀಪ ಕಳೆಯುವುದನ್ನು ಹಿರಿಯರು ಬಹುಕಾಲ ಸಹಿಸಲಿಲ್ಲವೆಂದರೆ ಅಚ್ಚರಿಯಿಲ್ಲ.

ಆದರೆ ಸಿಹಿಗೆ ಆಕಾರ ಕೊಡುವುದು, ಬಣ್ಣ ಹಾಕುವುದು, ಅದನ್ನು ಮಕ್ಕಳ ಕೈಗಿಡುವುದು ಇಲ್ಲಿ ಹೊಸದಲ್ಲ. ಸಂಕ್ರಾಂತಿಯ ಸಕ್ಕರೆ ಅಚ್ಚು ಇದಕ್ಕೆ ಮೊದಲ ಸಾಕ್ಷಿ. ಸಕ್ಕರೆಗೆ ನೀರು ಬೆರೆಸಿ ಕುದಿಸಿ, ಸ್ವಲ್ಪ ಹಾಲು ಬಿಟ್ಟು, ಮೇಲೆ ತೇಲುವ ಕೊಳೆಯನ್ನು ತೆಗೆದು ಬಟ್ಟೆಯಲ್ಲಿ ಸೋಸಿ ಪಾಕ ಮಾಡುತ್ತಾರೆ. ಮರದ ಅಚ್ಚುಗಳನ್ನು ಮೊದಲೇ ನೀರಿನಲ್ಲಿ ನೆನೆಹಾಕಿ, ಎರಡು ಹೋಳನ್ನು ಸೇರಿಸಿ ಬಿಗಿದು ಇಟ್ಟಿರುತ್ತಾರೆ. ಪಾಕವನ್ನು ಸ್ವಲ್ಪ ಸ್ವಲ್ಪವೇ ತೆಗೆದುಕೊಂಡು ಸೌಟಿನಿಂದ ತಿಕ್ಕಿದರೆ ಅದು ಬೆಳ್ಳಗಾಗಲು ತೊಡಗುತ್ತದೆ. ಆ ಗಳಿಗೆಯಲ್ಲಿ ಅಚ್ಚಿಗೆ ಹೊಯ್ಯಬೇಕು. ತಡವಾದರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ, ಅವಸರ ಮಾಡಿದರೆ ಅಚ್ಚಿಗೆ ಅಂಟಿಕೊಳ್ಳುತ್ತದೆ. ಹಾಗೆ ಆನೆ, ಹಕ್ಕಿ, ಮೀನು, ಬಾಳೆಗೊನೆ, ತುಳಸಿಕಟ್ಟೆ, ಗೋಪುರಗಳು ಹೊರಬೀಳುತ್ತವೆ. ತಿಕ್ಕಿದಾಗ ಪಾಕ ಬೆಳ್ಳಗಾಗುವುದು ಸಕ್ಕರೆ ನವುರಾದ ಹರಳುಗಳಾಗಿ ಒಡೆಯುವುದರಿಂದ. ಬೇಕರಿಯವರು ಕೇಕಿನ ಮೇಲೆ ಹೊಯ್ಯುವ ಬಿಳಿ ಫಾಂಡೆಂಟ್ ತಯಾರಾಗುವುದೂ ಇದೇ ಕ್ರಮದಿಂದ. ವಿಷಯ ಒಂದೇ, ಒಲೆ ಎರಡು. ಅದೇ ಹಬ್ಬದ ಸಂಜೆ ಪುಟ್ಟ ಮಕ್ಕಳನ್ನು ಕೂರಿಸಿ ತಲೆಯ ಮೇಲೆ ಎಳಚಿ ಹಣ್ಣು, ಕಬ್ಬಿನ ಚೂರು, ಕಾಸು ಎರೆಯುವ ಪದ್ಧತಿಯೂ ಇದೆ. ಮಗುವನ್ನು ನಡುವಿಟ್ಟು, ಸಿಂಗರಿಸಿದ ಸಿಹಿ ಹಂಚುವ ಸಮಾರಂಭ ಕೇಕು ಬರುವ ಮೊದಲೇ ಮನೆಯಲ್ಲಿತ್ತು ಎಂದು ಧಾರಾಳವಾಗಿ ಹೇಳಬಹುದು.

ಎರಡನೆಯ ಸಾಕ್ಷಿ ಕೊಬ್ಬರಿ. ಬಲಿತ ಕಾಯನ್ನು ಸಿಪ್ಪೆಯ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಸದ್ದಾಗುತ್ತದೆ. ಇದೇ ತಿಪಟೂರು ಮಾರುಕಟ್ಟೆಗೆ ಹೋಗುವ ಉಂಡೆ ಕೊಬ್ಬರಿ. ಹೋಳು ಮಾಡಿದ ಈ ಕೊಬ್ಬರಿ ಬಟ್ಟಲು ಚೂರಿಯ ಮೊನೆಗೆ ಸಿಡಿಯದೆ ಮಣಿಯುತ್ತದೆ. ಮದುವೆ, ಸೀಮಂತಗಳಿಗೆ ಅದರ ಬೆನ್ನಿನ ಕಂದು ಸಿಪ್ಪೆಯನ್ನು ಹೆರೆದು, ಬಿಳಿಯ ಮೈಮೇಲೆ ಬಳ್ಳಿ, ನವಿಲು, ಹೆಸರಿನ ಅಕ್ಷರ ಕೆತ್ತಿ, ಬಣ್ಣ ಹಚ್ಚಿ, ಜರಿ ಸುತ್ತಿ ತಟ್ಟೆಯಲ್ಲಿ ಜೋಡಿಸುತ್ತಾರೆ. ಸಂದರ್ಭಕ್ಕೆ ತಕ್ಕ ಚಿತ್ರ, ಒಂದೊಂದು ಬಟ್ಟಲಿಗೆ ಒಂದೊಂದು ವಿನ್ಯಾಸ: ಇಂದು ಥೀಮ್ ಎಂದು ಕರೆಯುವುದು ಇದನ್ನೇ.

ಬೇಕರಿ ಬಂದ ಕಥೆ ಬೆಂಗಳೂರಿನದು. ಹಾಸನ ಸೀಮೆಯಿಂದ ಹೋದ ಎಚ್. ಎಸ್. ತಿರುಮಲಾಚಾರ್ ತಮ್ಮ ಸಹೋದರನೊಂದಿಗೆ 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ. ಬಿ. ಬೇಕರಿಯನ್ನು ತೆರೆದರು, ಆಂಗ್ಲ ಗಿರಾಕಿಯೊಬ್ಬರಿಂದ ಅವರು ಬ್ರೆಡ್ಡು ಕೇಕಿನ ಕೆಲಸ ಕಲಿತರೆಂದು ಹೇಳುವುದುಂಟು. ಮುಂದೆ ಅಯ್ಯಂಗಾರ್ ಬೇಕರಿ ಎಂಬ ಫಲಕ ರಾಜ್ಯದ ಊರೂರಿಗೂ ಹಬ್ಬಿತು. ಮೊಟ್ಟೆಯಿಲ್ಲದ ತಿನಿಸು ಎಂಬ ಭರವಸೆಯೇ ಆ ಫಲಕದ ಬಂಡವಾಳ. ಬೆಣ್ಣೆ ಕಾಗದದ ತೊಟ್ಟಿಲಲ್ಲಿ ಬೆಂದ, ಮೇಲೆ ಏನೂ ಇಲ್ಲದ ಬೋಳು ಕಪ್ ಕೇಕನ್ನು ಹಳ್ಳಿಯ ಮಕ್ಕಳು ಮೊದಲು ಕಂಡದ್ದು ಇಂಥ ಅಂಗಡಿಗಳ ಗಾಜಿನ ಕಪಾಟಿನಲ್ಲಿ.

ಆ ಕಪಾಟಿನಲ್ಲಿ ತೆಂಗಿಗೆ ದೊಡ್ಡ ಪಾಲಿತ್ತು. ದಿಲ್‌ಪಸಂದಿನ ಹೂರಣ ಕಾಯಿತುರಿ. ಹನಿ ಕೇಕಿಗೆ ಸಿಹಿ ಪಾಕ ಕುಡಿಸಿ, ಕೆಂಪು ಜಾಮ್ ಸವರಿ, ಮೇಲೆ ಉದುರಿಸುವುದು ಒಣಗಿಸಿದ ಕಾಯಿತುರಿ. ಬೇಕರಿಗೆ ಬೇಕಾದ ಈ ಬಿಳಿ ತುರಿ ಉಂಡೆ ಕೊಬ್ಬರಿಯಿಂದ ಬರುವುದಿಲ್ಲ. ಹಸಿ ಕಾಯಿಯ ಚಿಪ್ಪು ತೆಗೆದು, ಕಂದು ಪೊರೆಯನ್ನು ಹೆರೆದು, ತುರಿದು, ತೇವಾಂಶ ಶೇಕಡಾ 3ರ ಆಸುಪಾಸಿಗೆ ಇಳಿಯುವವರೆಗೆ ಬಿಸಿಗಾಳಿಯಲ್ಲಿ ಒಣಗಿಸಬೇಕು. ಈ ಉದ್ಯಮ 19ನೆಯ ಶತಮಾನದ ಕೊನೆಯಲ್ಲಿ ಸಿಲೋನಿನಲ್ಲಿ ಬೆಳೆಯಿತು. ಅಮೆರಿಕದಲ್ಲಿ ಅದು ಬೆಳೆದದ್ದು ಒಂದು ಪೇಚಿನಿಂದ. ಫಿಲಡೆಲ್ಫಿಯಾದ ಹಿಟ್ಟಿನ ವ್ಯಾಪಾರಿ ಫ್ರಾಂಕ್ಲಿನ್ ಬೇಕರ್‌ಗೆ 1895ರಲ್ಲಿ ಕ್ಯೂಬಾದಿಂದ ಹಿಟ್ಟಿನ ಬಾಕಿಗೆ ಹಣದ ಬದಲು ಒಂದು ಹಡಗು ತೆಂಗಿನಕಾಯಿ ಬಂತು. ಕೊಳ್ಳುವವರಿಲ್ಲದ ಕಾಯಿಯನ್ನು ತುರಿದು ಒಣಗಿಸಿ ಮನೆಮನೆಯ ಕೇಕಿಗೆ ಮಾರುವ ಉಪಾಯ ಹೂಡಿ ಆತ ಹಿಟ್ಟಿನ ವ್ಯಾಪಾರವನ್ನೇ ಬಿಟ್ಟ. ತುಮಕೂರು ಜಿಲ್ಲೆಯ ತೆಂಗಿನ ತಾಲ್ಲೂಕುಗಳಲ್ಲೂ ಈಗ ಒಣ ಕಾಯಿತುರಿಯ ಕಾರ್ಖಾನೆಗಳಿವೆ. ಕಪ್ ಕೇಕಿನ ಸಿಂಗಾರದಲ್ಲಿ ಈ ತುರಿಯ ಉಪಯೋಗ ಹೇಳತೀರದು: ಹಾಗೇ ಉದುರಿಸಿದರೆ ಹಿಮ, ಕುರಿಯ ಉಣ್ಣೆ, ಮೊಲದ ಮೈ, ಹಸಿರು ಬಣ್ಣದ ಎರಡು ಹನಿ ಬೆರೆಸಿ ಉಜ್ಜಿದರೆ ಹುಲ್ಲುಗಾವಲು, ಬಾಣಲೆಯಲ್ಲಿ ಕಂದಾಗುವಂತೆ ಹುರಿದರೆ ಮರಳು, ಹಕ್ಕಿಯ ಗೂಡು.

ಮನೆಯಲ್ಲಿ ಕೇಕು ಬೇಯಿಸಲು ಇದ್ದ ಅಡ್ಡಿ ಓವನ್. 1959ರಲ್ಲಿ ಹಾಕಿನ್ಸ್, ಪ್ರೆಸ್ಟೀಜ್ ಕುಕ್ಕರುಗಳು ದೇಶದ ಪೇಟೆಗೆ ಬಂದವು. ಅಡುಗೆ ಅನಿಲ ಹಳ್ಳಿಗೆ ತಲುಪಿದ್ದು ಬಹಳ ನಿಧಾನವಾಗಿ. ಇವೆರಡೂ ಕೂಡಿದ ಮೇಲೆ ಗೃಹಿಣಿಯರೇ ದಾರಿ ಹುಡುಕಿದರು. ಕುಕ್ಕರಿನ ತಳದಲ್ಲಿ ಮರಳನ್ನೋ ಪುಡಿ ಉಪ್ಪನ್ನೋ ಹರಡಿ, ಗ್ಯಾಸ್ಕೆಟ್ಟು, ವಿಷಲ್ಲು ಎರಡನ್ನೂ ತೆಗೆದು, ಸಣ್ಣ ಉರಿಯಲ್ಲಿ ಬೇಯಿಸುವ ಕುಕ್ಕರ್ ಕೇಕು ಕೈಯಿಂದ ಕೈಗೆ ಹರಡಿದ ವಿದ್ಯೆ. ಮೊಟ್ಟೆಯ ಬದಲು ಸಿಹಿ ಗಟ್ಟಿ ಹಾಲಿನ ಡಬ್ಬಿ, ಅಥವಾ ಮೊಸರು ಮತ್ತು ಸೋಡಾ. ಮೊಸರಿನ ಹುಳಿಗೆ ಸೋಡಾ ಸೇರಿದಾಗ ಏಳುವ ಅನಿಲದ ಗುಳ್ಳೆಗಳು ಹಿಟ್ಟನ್ನು ಎತ್ತುತ್ತವೆ. ಹೀಗೆ ಕಲಸಿಟ್ಟ ಹಿಟ್ಟು ಕಾಯುವುದಿಲ್ಲ, ಗುಳ್ಳೆ ಒಡೆಯುವ ಮೊದಲೇ ಒಲೆ ಸೇರಬೇಕು. ಓವನ್ ಇದ್ದವರಿಗೆ 180 ಡಿಗ್ರಿಯಲ್ಲಿ ದೊಡ್ಡ ಕೇಕಿಗೆ ಮುಕ್ಕಾಲು ಗಂಟೆ ಹಿಡಿದರೆ, ಕಪ್ ಕೇಕಿಗೆ 15ರಿಂದ 20 ನಿಮಿಷ ಸಾಕು. ಕರೆಂಟು ಯಾವಾಗ ಹೋಗುವುದೋ ತಿಳಿಯದ ಊರಿನಲ್ಲಿ ಇದು ಸಣ್ಣ ಅನುಕೂಲವಲ್ಲ.

ಇನ್ನೊಂದು ಅನುಕೂಲ ಮಡಿವಂತರಿಗೂ ಒಪ್ಪುವಂಥದ್ದು. ಒಂದೇ ಕೇಕಿನ ಮೇಲೆ ಬತ್ತಿ ಊದಿ, ಅದನ್ನೇ ಕತ್ತರಿಸಿ ಎಲ್ಲರ ಬಾಯಿಗಿಡುವುದು ಎಂಜಲಿನ ಮಾತಾಯಿತು. 2017ರಲ್ಲಿ ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದವರು ಪ್ರಯೋಗ ಮಾಡಿ, ಬತ್ತಿ ಊದಿದ ಮೇಲೆ ಐಸಿಂಗಿನ ಮೇಲಿನ ಬ್ಯಾಕ್ಟೀರಿಯಾ ಸರಾಸರಿ ಸುಮಾರು 15 ಪಟ್ಟಾಗುತ್ತದೆಂದು ಕಂಡರು. ಅಜ್ಜಿಯರಿಗೆ ಇದಕ್ಕೆ ಪ್ರಯೋಗಾಲಯ ಬೇಕಿರಲಿಲ್ಲ. ಕಪ್ ಕೇಕಿನಲ್ಲಿ ಬತ್ತಿ ಒಂದಕ್ಕೆ ಮಾತ್ರ, ಉಳಿದವು ಹಾಗೇ ಪಂಕ್ತಿಗೆ ಹೋಗುತ್ತವೆ.

ಸಿಂಗಾರದ ಸಾಧನ ಐಸಿಂಗ್. ಹಳೆಯದು ಬೆಣ್ಣೆಗೆ ಎರಡರಷ್ಟು ಪುಡಿ ಸಕ್ಕರೆ ಹಾಕಿ ನೊರೆಯಾಗುವಂತೆ ತಿಕ್ಕಿದ ಬಟರ್ ಕ್ರೀಮ್. 1937ರಲ್ಲಿ ಡಾಲ್ಡಾ ಬಂದ ಮೇಲೆ ಬೆಣ್ಣೆಯ ಜಾಗಕ್ಕೆ ವನಸ್ಪತಿ ಹಾಕಿದ ಅಗ್ಗದ ಕ್ರೀಮೂ ಹಬ್ಬಿತು. ನಾಲಗೆಯ ಮೇಲೆ ಮೇಣದಂತೆ ಕೂರುವ ಆ ಗುಲಾಬಿ ಹೂಗಳನ್ನು ಹಳಬರು ಮರೆತಿಲ್ಲ. ಕ್ರೀಮನ್ನು ಶಂಕುವಿನಾಕಾರದ ಚೀಲಕ್ಕೆ ತುಂಬಿ, ತುದಿಯ ನಾಝಲಿನಿಂದ ಹಿಂಡಿದರೆ ಗೆರೆ, ಎಲೆ, ದಳ ಬರುತ್ತವೆ. ನಕ್ಷತ್ರದ ಬಿಲ್ಲೆ ಹಾಕಿದ ಚಕ್ಕುಲಿ ಒರಳಿನ ತತ್ವವೇ ಇದು. ಕೈಯ ಒತ್ತಡ ಒಂದೇ ಸಮ ಇದ್ದರೆ ಸುರುಳಿ ಒಡೆಯುವುದಿಲ್ಲ, ಎಂದೇ ಮೆಹಂದಿ ಕೋನು ಹಿಡಿದು ಪಳಗಿದ ಹುಡುಗಿಯರಿಗೆ ಈ ಕೆಲಸ ಬೇಗ ಒಲಿಯುತ್ತದೆ.

ಸಕ್ಕರೆಯಲ್ಲಿ ಏನೆಲ್ಲ ಕಟ್ಟಬಹುದೆಂದು ಕನ್ನಡ ನಾಡಿಗೆ ತೋರಿಸಿದ್ದು ಬೆಂಗಳೂರಿನ ಕೇಕ್ ಪ್ರದರ್ಶನ. 1905ರಲ್ಲಿ ನೀಲಗಿರಿಯಲ್ಲಿ ಹುಟ್ಟಿ 1936ರಲ್ಲಿ ಬ್ರಿಗೇಡ್ ರಸ್ತೆಗೆ ಬಂದ ನೀಲಗಿರೀಸ್ ಅಂಗಡಿಯ ಸಿ. ರಾಮಚಂದ್ರನ್ 1970ರ ದಶಕದ ನಡುವಿನಲ್ಲಿ ಕ್ರಿಸ್ಮಸ್ ಹೊತ್ತಿಗೆ ಇದನ್ನು ಆರಂಭಿಸಿದರು. 2024ರ ಡಿಸೆಂಬರ್‌ನಲ್ಲಿ 50ನೆಯ ಪ್ರದರ್ಶನ ನಡೆಯಿತು. ಅಲ್ಲಿನ ಅರಮನೆ, ಗೋಪುರ, ಪ್ರಾಣಿಗಳು ತಿನ್ನಲು ಮಾಡಿದವಲ್ಲ. ಆದರೂ ಕೇಕೆಂದರೆ ಬೇಕಾದ ರೂಪಕ್ಕೆ ತರಬಹುದಾದ ವಸ್ತು ಎಂಬ ತಿಳಿವಳಿಕೆ ಅಲ್ಲಿಂದ ಜನಕ್ಕೆ ಬಂತು.

ಕಪ್ ಕೇಕು ಜಗತ್ತಿನ ಗೀಳಾದದ್ದು ಇನ್ನೂ ಈಚೆಗೆ. ನ್ಯೂಯಾರ್ಕಿನಲ್ಲಿ 1996ರಲ್ಲಿ ತೆರೆದ ಮ್ಯಾಗ್ನೋಲಿಯಾ ಬೇಕರಿ 2000ದಲ್ಲಿ ಒಂದು ಟಿ.ವಿ. ಧಾರಾವಾಹಿಯಲ್ಲಿ ಕಾಣಿಸಿಕೊಂಡ ಮೇಲೆ ಅದರ ಮುಂದೆ ಗಿರಾಕಿಗಳ ಸಾಲು ಬೆಳೆಯಿತು. 2005ರಲ್ಲಿ ಬೆವರ್ಲಿ ಹಿಲ್ಸಿನಲ್ಲಿ ಕಪ್ ಕೇಕಿಗೆಂದೇ ಸ್ಪ್ರಿಂಕಲ್ಸ್ ಅಂಗಡಿ ತೆರೆಯಿತು. ಭಾರತದ ಮಕ್ಕಳಿಗೆ 2008ರಲ್ಲಿ ಟಿ.ವಿ. ಕಾರ್ಟೂನಿನ ಚೋಟಾ ಭೀಮ್ ಬಂದ, ಕೇಕಿನ ಮೇಲೂ ಅಂಥ ಚಿತ್ರ ಬೇಕಾಯಿತು. ತಿನ್ನಬಹುದಾದ ಶಾಯಿಯಿಂದ ಪಿಷ್ಟದ ಹಾಳೆಯ ಮೇಲೆ ಮುದ್ರಿಸಿದ ಚಿತ್ರ ಬಂದ ಮೇಲೆ ಬಿಡಿಸಲು ಬಾರದವರೂ ಥೀಮ್ ಕೇಕು ಮಾಡಿದರು. ಮೊಬೈಲ್ ಇಂಟರ್ನೆಟ್ ಅಗ್ಗವಾದದ್ದು, 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಿದ್ದು ಬೇಕರಿಗಳು ಬಾಗಿಲೆಳೆದದ್ದು, ಇವೆರಡರ ನಡುವೆ ಮನೆ ಕೇಕಿನ ಒಂದು ಪೀಳಿಗೆಯೇ ತಯಾರಾಯಿತು. ಯೂಟ್ಯೂಬ್ ನೋಡಿ ಕಲಿತು ವಾಟ್ಸ್ಆ್ಯಪ್‌ನಲ್ಲಿ ಆರ್ಡರ್ ಹಿಡಿಯುವ ಹೆಣ್ಣುಮಕ್ಕಳು ಈಗ ಸಣ್ಣ ಊರುಗಳಲ್ಲೂ ಇದ್ದಾರೆ. ಹಾಗೆ ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಪಡೆದಿರಬೇಕು.

ತುಮಕೂರು ಸೀಮೆಯ ಬಿಸಿಲು ಈ ಕಲೆಗೆ ಕಠಿಣ ಪರೀಕ್ಷೆ. ಬೆಣ್ಣೆ 32 ಡಿಗ್ರಿಯ ಸುತ್ತಮುತ್ತ ಕರಗುತ್ತದೆ, ಯುಗಾದಿಯ ಹೊತ್ತಿನ ಮಧ್ಯಾಹ್ನ ಅದನ್ನು ಮೀರುತ್ತದೆ. ತೆಂಗಿನೆಣ್ಣೆಯಿಂದ ಕ್ರೀಮು ಕಟ್ಟಲು ಹೋದವರಿಗೆ ಇನ್ನೂ ಕಷ್ಟ, ಅದು 24 ಡಿಗ್ರಿಗೇ ನೀರಾಗುತ್ತದೆ. ಎಂದೇ ತಾಳೆ ಬೀಜದ ಎಣ್ಣೆಯಿಂದ ಮಾಡಿದ ವಿಪ್ಪಿಂಗ್ ಕ್ರೀಮು ಎಲ್ಲೆಡೆ ಗೆದ್ದಿದೆ. ವನಸ್ಪತಿಯ ಕೆಡುಕಾದ ಟ್ರಾನ್ಸ್ ಕೊಬ್ಬಿಗೆ ಮಾತ್ರ 2022ರ ಜನವರಿಯಿಂದ ಶೇಕಡಾ 2ರ ಮಿತಿ ಬಂದಿದೆ. ಗೊಂಬೆ ಮಾಡುವ ಲಟ್ಟಿಸಿದ ಫಾಂಡೆಂಟ್ ಬಿಸಿಲಿಗೆ ಕರಗದಿದ್ದರೂ ಅದರಲ್ಲಿ ಪ್ರಾಣಿಮೂಲದ ಜೆಲಟಿನ್ ಇರಬಹುದು. ಸಸ್ಯಾಹಾರಿಗಳು ಪೊಟ್ಟಣದ ಹಸಿರು ಚುಕ್ಕೆ ನೋಡಿಯೇ ಕೊಳ್ಳುತ್ತಾರೆ.

ಕೊನೆಯದು ಬಣ್ಣ. ಈ ದೇಶದಲ್ಲಿ ಆಹಾರಕ್ಕೆ ಅನುಮತಿ ಇರುವ ಕೃತಕ ಬಣ್ಣಗಳು ಎಂಟು. ಅವಕ್ಕೂ ಪ್ರಮಾಣದ ಮಿತಿಯಿದೆ. 2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕು ಮಾದರಿಗಳಲ್ಲಿ 12 ಅಸುರಕ್ಷಿತ ಎಂದು ಕಂಡುಬಂದವು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್‌ಗಳ ಮೇಲೆ ಎಚ್ಚರಿಕೆ ಹೊರಟಿತು. ಮನೆಯವರು ಬೀಟ್‌ರೂಟ್ ರಸ, ಪಾಲಕ್, ಕೇಸರಿ, ಶಂಖಪುಷ್ಪಗಳತ್ತ ತಿರುಗಿದ್ದಾರೆ. ಆದರೆ ಇಂಥ ಸಹಜ ಬಣ್ಣಗಳಲ್ಲಿ ಹಲವು ಹುಳಿಗೋ ಕ್ಷಾರಕ್ಕೋ ಕಾವಿಗೋ ಬಣ್ಣ ಬದಲಿಸುವ ಜಾತಿಯವು. ಅರಿಶಿನ ಹಾಕಿದ ಹಿಟ್ಟಿಗೆ ಸೋಡಾ ಹೆಚ್ಚಾದರೆ ಹಳದಿ ಕೆಂಪಾಗುತ್ತದೆ. ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಆರತಿಯ ಓಕುಳಿ ಮಾಡುವ ಮನೆಯಲ್ಲಿ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ. ಶಂಖಪುಷ್ಪದ ನೀಲಿ ನಿಂಬೆರಸ ಬಿದ್ದರೆ ನೇರಳೆಯಾಗುತ್ತದೆ, ಬೀಟ್‌ರೂಟಿನ ಗುಲಾಬಿ ಓವನ್ನಿನ ಕಾವಿಗೆ ಕಂದಾಗುತ್ತದೆ. ಆದ್ದರಿಂದ ಪಳಗಿದವರು ಇಂಥ ಬಣ್ಣವನ್ನು ಬೇಯುವ ಹಿಟ್ಟಿಗೆ ಹಾಕುವುದಿಲ್ಲ, ತಣ್ಣಗಾದ ಕೇಕಿನ ಮೇಲಣ ಕ್ರೀಮಿಗೂ ಕಾಯಿತುರಿಗೂ ಮಾತ್ರ ಬೆರೆಸುತ್ತಾರೆ.