ಮೂರು ನಿಮಿಷ ಕೇಳೋಣ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



‘ಪೊಯೆಟ್ರಿ ಸ್ಲ್ಯಾಮ್’ ಎಂಬ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಸರಳವಾಗಿ ಹೇಳುವುದಾದರೆ, ಇದು ಕವಿತೆಯನ್ನು ಸಭಿಕರ ಮುಂದೆ ಬಾಯಲ್ಲಿ ಹೇಳುವ ಸ್ಪರ್ಧೆ. ಇದನ್ನು ಹುಟ್ಟುಹಾಕಿದವರು ಸಾಹಿತ್ಯದ ಪ್ರಾಧ್ಯಾಪಕರಲ್ಲ, ಅಮೆರಿಕದ ಷಿಕಾಗೋ ನಗರದಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದ ಮಾರ್ಕ್ ಸ್ಮಿತ್. 1986ರ ಜುಲೈ ತಿಂಗಳಲ್ಲಿ ಅಲ್ಲಿನ ‘ಗ್ರೀನ್ ಮಿಲ್’ ಎಂಬ ಜಾಝ್ ಕ್ಲಬ್ಬಿನಲ್ಲಿ ಅವರು ಇದನ್ನು ಆರಂಭಿಸಿದರು. 1990ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಮೊದಲ ರಾಷ್ಟ್ರಮಟ್ಟದ ಸ್ಪರ್ಧೆ ನಡೆಯಿತು.

ಇದರ ನಿಯಮಗಳು ಕೆಲವೇ. ಕವಿತೆ ಸ್ವಂತದ್ದಾಗಿರಬೇಕು. ಅವಧಿ ಮೂರು ನಿಮಿಷ. ಹತ್ತು ಸೆಕೆಂಡಿಗಿಂತ ಹೆಚ್ಚು ಮೀರಿದರೆ ಅಂಕ ಕಡಿತ. ವೇಷಭೂಷಣ, ವಾದ್ಯ, ಸಲಕರಣೆ ಕೂಡದು. ಸಭಿಕರಲ್ಲೇ ಐದು ಮಂದಿಯನ್ನು ಆರಿಸಿ ತೀರ್ಪುಗಾರರನ್ನಾಗಿ ಕೂರಿಸುತ್ತಾರೆ. ಅವರು ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. ಅತಿ ಹೆಚ್ಚಿನ ಒಂದು ಅಂಕವನ್ನೂ ಅತಿ ಕಡಿಮೆಯ ಒಂದು ಅಂಕವನ್ನೂ ಬಿಟ್ಟು ಉಳಿದ ಮೂರನ್ನು ಕೂಡಿಸುತ್ತಾರೆ. ಹೀಗಾಗಿ ಒಬ್ಬರ ಮಮತೆಯಾಗಲಿ ಒಬ್ಬರ ಮುನಿಸಾಗಲಿ ಫಲಿತಾಂಶವನ್ನು ಕೆಡಿಸುವುದು ಕಷ್ಟ.

ಇದು ನಮಗೆ ತೀರಾ ಹೊಸದೇನಲ್ಲ. ಮುಶಾಯಿರಾಗಳಲ್ಲಿ ಹಿಂದೆ ದೀಪ ಯಾರ ಮುಂದೆ ಬರುತ್ತಿತ್ತೋ ಅವರ ಸರದಿ. ಶೇರ್ ಮನಸ್ಸಿಗೆ ಹಿಡಿಸಿದರೆ ಸಭೆ ‘ವಾಹ್ ವಾಹ್’ ಎನ್ನುತ್ತದೆ, ‘ಮುಕರ್ರರ್’ ಎಂದು ಮತ್ತೊಮ್ಮೆ ಹೇಳಿಸುತ್ತದೆ. ಅಲ್ಲಿಯೂ ಕೇಳುಗನೇ ಪರೀಕ್ಷಕ. ಆದರೆ ಮುಶಾಯಿರಾದಲ್ಲಿ ಕಿರಿಯರು ಮೊದಲು, ಉಸ್ತಾದರು ಕೊನೆಗೆ ಎಂಬ ಕ್ರಮವಿದೆ. ಸ್ಲ್ಯಾಮ್‌ನಲ್ಲಿ ಮೊದಲ ಸುತ್ತಿನ ಸರದಿಯನ್ನು ಸಾಮಾನ್ಯವಾಗಿ ಚೀಟಿ ಎತ್ತಿ ನಿರ್ಧರಿಸುತ್ತಾರೆ. ಹಿರಿತನಕ್ಕೆ ಅಲ್ಲಿ ವಿಶೇಷ ಕುರ್ಚಿಯಿಲ್ಲ.

ಇಂಥ ವೇದಿಕೆಯಿಂದ ಏನಾಗುತ್ತದೆ? ಸುಡಾನಿನ ದಾರ್ಫುರ್ ಮೂಲದ ಕುಟುಂಬದ ಎಮ್ತಿಥಾಲ್ ಮಹಮೂದ್ ಅವರನ್ನು ನೋಡಿ. ಅಮೆರಿಕದಲ್ಲಿ ವಿದ್ಯಾರ್ಥಿನಿಯಾಗಿದ್ದಾಗಲೇ, 2015ರಲ್ಲಿ, ಅವರು ವೈಯಕ್ತಿಕ ವಿಶ್ವ ಸ್ಲ್ಯಾಮ್ ಪ್ರಶಸ್ತಿ ಗೆದ್ದರು. ತಾಯಿಯ ಬಗ್ಗೆ, ತನ್ನ ಜನ ಕಂಡ ಯುದ್ಧದ ಬಗ್ಗೆ ಅವರು ಹೇಳಿದ ಮಾತನ್ನು ದಾರ್ಫುರ್ ಎಲ್ಲಿದೆಯೆಂದು ತಿಳಿಯದವರೂ ಕಿವಿಗೊಟ್ಟು ಕೇಳಿದರು.

ಈಗ ನಮ್ಮ ಮಕ್ಕಳ ವಿಷಯಕ್ಕೆ ಬರೋಣ. ಬ್ಯಾರಿ, ದಖ್ಖನಿ, ನವಾಯತಿ ಮಾತನಾಡುವ ಮನೆಗಳಿಂದ ಬಂದ ಎಷ್ಟೋ ಮಕ್ಕಳು ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷಿನಲ್ಲಿ ಉತ್ತರ ಬರೆಯುತ್ತಾರೆ. ಅಂಕವೂ ಬರುತ್ತದೆ. ಆದರೆ ತನ್ನ ಮನಸ್ಸಿನ ಮಾತನ್ನು ತನ್ನದೇ ಮಾತಿನಲ್ಲಿ ನಾಲ್ಕು ಜನರೆದುರು ಹೇಳುವ ಅವಕಾಶ ಎಲ್ಲಿದೆ? ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದು ಹರಿದೆಸೆಯುವ ಹುಡುಗಿಯರು ನಮ್ಮಲ್ಲಿ ಇಲ್ಲವೇ? ಅವಳ ಮಾತನ್ನು ನಾವು ಕೇಳಿಸಿಕೊಳ್ಳದಿದ್ದರೆ ನಷ್ಟ ಅವಳೊಬ್ಬಳದಲ್ಲ, ನಮ್ಮೆಲ್ಲರದು.

ಆದುದರಿಂದ ಸಂಘವು ವರ್ಷಕ್ಕೊಂದು ಸಂಜೆಯನ್ನು ಇದಕ್ಕಾಗಿ ಮೀಸಲಿಡಲಿ ಎಂದು ಕೋರುತ್ತೇನೆ. ಒಂದು ಎಚ್ಚರವೂ ಇರಲಿ. ಅಂಕದ ಆಸೆಗೆ ಬಿದ್ದರೆ ಕೂಗಾಟವೇ ಕವಿತೆಯಾಗುತ್ತದೆ. ಚಪ್ಪಾಳೆ ಬರುವ ಮಾತನ್ನಷ್ಟೇ ಮಕ್ಕಳು ಕಲಿಯುತ್ತಾರೆ. ಮೊದಲ ವರ್ಷ ಅಂಕವೇ ಬೇಡ. ಯಾವ ಭಾಷೆಯಾದರೂ ಸರಿ, ತಪ್ಪು ಉಚ್ಚಾರಣೆಗೆ ಯಾರೂ ನಗಬಾರದು.

ಹಿರಿಯರಲ್ಲಿ ಇನ್ನೊಂದು ವಿನಂತಿ. ಮಕ್ಕಳಿಗೆ ಮೂರು ನಿಮಿಷ, ಅತಿಥಿಗಳಿಗೆ ಮುಕ್ಕಾಲು ಗಂಟೆ ಎಂಬ ನಮ್ಮ ಸಭೆಗಳ ಪದ್ಧತಿ ಆ ಸಂಜೆಯಾದರೂ ತಿರುಗುಮುರುಗಾಗಲಿ. ಅಂದು ನಮ್ಮ ಕೆಲಸ ಮುಂದಿನ ಸಾಲಿನಲ್ಲಿ ಕುಳಿತು, ಮೊಬೈಲ್ ಬದಿಗಿಟ್ಟು, ಕೊನೆಯ ಮಗು ವೇದಿಕೆ ಇಳಿಯುವವರೆಗೂ ಕೇಳುವುದು.

ವಿದ್ಯಾರ್ಥಿಗಳೇ, ನೀವು ಬರೆಯಿರಿ. ಬರೆದದ್ದನ್ನು ಮನೆಯಲ್ಲಿ ಒಬ್ಬರಿಗಾದರೂ ಗಟ್ಟಿಯಾಗಿ ಹೇಳಿ ತೋರಿಸಿ. ನಾಲಿಗೆ ತೊಡರುವ ಕಡೆ ಸಾಲನ್ನು ತಿದ್ದಿಕೊಳ್ಳಿ. ಹಾಳೆಯನ್ನು ಮನೆಯಲ್ಲೇ ಬಿಟ್ಟು ಬನ್ನಿ.