ಕಡಲು ಶಾಂತವಾಗಿತ್ತು

(ಚಿತ್ರಸಮಾಜವೊಂದರಲ್ಲಿ ‘ಡೀಪ್‌ವಾಟರ್ ಹೊರೈಜನ್’ ಪ್ರದರ್ಶನದ ಬಳಿಕ ಮಾಡಿದ ಭಾಷಣ)



ಇಷ್ಟು ಹೊತ್ತು ಬೆಂಕಿ, ಸ್ಫೋಟ, ಕೆಸರಿನ ಮಳೆ ನೋಡಿ ನಿಮ್ಮ ಕಿವಿ ಇನ್ನೂ ಗುಂಯ್‌ಗುಡುತ್ತಿರುವಾಗ ಭಾಷಣಕ್ಕೆ ನಿಲ್ಲುವುದು ಅಧಿಕಪ್ರಸಂಗವೇ ಸರಿ. ಆದರೂ ಒಂದು ಪ್ರಶ್ನೆ ಕೇಳಿಬಿಡುತ್ತೇನೆ. ಈ ಚಿತ್ರದಲ್ಲಿ ಕಡಲು ಮಾಡಿದ್ದೇನು? ಯೋಚಿಸಿ ನೋಡಿ, ಅದು ಏನನ್ನೂ ಮಾಡಲಿಲ್ಲ.

ಸಮುದ್ರದ ಅನಾಹುತವೆಂದರೆ ನಮಗೆ ನೆನಪಾಗುವ ಚಿತ್ರಗಳೇ ಬೇರೆ. 1972ರ ‘ಪೊಸೈಡನ್ ಅಡ್ವೆಂಚರ್’ನಲ್ಲಿ ಹೊಸ ವರ್ಷದ ರಾತ್ರಿ ದೈತ್ಯ ಅಲೆಯೊಂದು ಬಂದು ಪ್ರಯಾಣಿಕರ ಹಡಗನ್ನೇ ತಲೆಕೆಳಗು ಮಾಡುತ್ತದೆ. 2000ದಲ್ಲಿ ಬಂದ ‘ಪರ್ಫೆಕ್ಟ್ ಸ್ಟಾರ್ಮ್’ನಲ್ಲಿ ಬಿರುಗಾಳಿ ಮೀನುಗಾರರ ದೋಣಿಯನ್ನು ನುಂಗುತ್ತದೆ. ಅಲ್ಲೆಲ್ಲ ವೈರಿ ಹೊರಗಿನವನು. ‘ಪೊಸೈಡನ್’ನಲ್ಲೂ ಹಡಗನ್ನು ಬೇಗ ಓಡಿಸೆಂದು ಕ್ಯಾಪ್ಟನ್ನನ ಬೆನ್ನು ಬೀಳುವ ಮಾಲೀಕರ ಪ್ರತಿನಿಧಿಯೊಬ್ಬ ಇದ್ದಾನೆ. ಆದರೆ ಅಲೆ ಬಂದ ಮೇಲೆ ಅವನನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ತೈಲ ರಿಗ್ಗಿನ ಕಥೆ ಹಾಗಲ್ಲ. 2010ರ ಏಪ್ರಿಲ್ 20ರ ರಾತ್ರಿ ಮೆಕ್ಸಿಕೋ ಕೊಲ್ಲಿ ಶಾಂತವಾಗಿತ್ತು. ಸುಮಾರು 5,000 ಅಡಿ ಆಳದ ನೀರಿನ ಮೇಲೆ ತೇಲುತ್ತಿದ್ದ ಡೀಪ್‌ವಾಟರ್ ಹೊರೈಜನ್‌ನಲ್ಲಿ 126 ಜನರಿದ್ದರು. ಅವರಲ್ಲಿ 11 ಮಂದಿ ಮನೆಗೆ ಮರಳಲಿಲ್ಲ. ಎರಡು ದಿನ ಉರಿದು ರಿಗ್ ಮುಳುಗಿತು. ತಳದ ಬಾವಿಯಿಂದ 87 ದಿನ ತೈಲ ಉಕ್ಕಿತು.

ನಮ್ಮಲ್ಲಿ ಬೋರ್‌ವೆಲ್ ಕೊರೆಸುವವರ ಚಿಂತೆ ನೀರು ಬಂದೀತೇ ಎಂಬುದು. ರಿಗ್ಗಿನವರ ಚಿಂತೆ ಇದಕ್ಕೆ ತಿರುಗುಮುರುಗು: ಬರಬಾರದ ಹೊತ್ತಿನಲ್ಲಿ ಬಂದೀತೇ? ನೆಲದಡಿಯ ಅನಿಲ ಮತ್ತು ತೈಲ ಭಾರಿ ಒತ್ತಡದಲ್ಲಿರುತ್ತವೆ. ಅವು ಮೇಲೆ ನುಗ್ಗದಂತೆ ತಡೆಯಲು ಬಾವಿಯೊಳಕ್ಕೆ ತೂಕದ ಕೆಸರನ್ನು ತುಂಬಿರುತ್ತಾರೆ. ರಿಗ್ಗಿನ ಭಾಷೆಯಲ್ಲಿ ಅದು ‘ಮಡ್’. ನಾಯಕನ ಪುಟ್ಟ ಮಗಳು ಕೋಕಾಕೋಲಾ ಡಬ್ಬಿಯನ್ನು ಚುಚ್ಚಿ, ಮೇಲಿಂದ ಜೇನುತುಪ್ಪ ಸುರಿದು ಅಪ್ಪನ ಉದ್ಯೋಗವನ್ನು ವಿವರಿಸುವ ದೃಶ್ಯ ನೋಡಿದಿರಲ್ಲ, ಆ ಜೇನುತುಪ್ಪವೇ ಮಡ್. ಪಾಠಪುಸ್ತಕದಲ್ಲೂ ಇಷ್ಟು ಚೆನ್ನಾಗಿ ಹೇಳಿರಲಾರರು.

ಕೊರೆಯುವ ಕೆಲಸ ಮುಗಿದಾಗ ಬಾವಿಯ ತಳಕ್ಕೆ ಸಿಮೆಂಟು ಹಾಕಿ ಮುಚ್ಚುತ್ತಾರೆ. ಸಿಮೆಂಟು ಹಿಡಿದಿದೆಯೋ ಇಲ್ಲವೋ ತಿಳಿಯಲು ಮೇಲಿನ ಭಾರವನ್ನು ಸ್ವಲ್ಪ ಇಳಿಸಿ, ಒತ್ತಡ ಏರುತ್ತದೆಯೇ ಎಂದು ಕಾದು ನೋಡುತ್ತಾರೆ. ಆ ಸಂಜೆ ಹಾಗೆಯೇ ನೋಡಿದರು. ಒಂದು ಕೊಳವೆಯ ಮಾಪಕ ಚದರ ಅಂಗುಲಕ್ಕೆ 1,400 ಪೌಂಡು ತೋರಿಸಿತು. ಅದೇ ಬಾವಿಗೆ ತೆರೆದುಕೊಂಡಿರಬೇಕಾದ ಇನ್ನೊಂದು ಕೊಳವೆಯಲ್ಲಿ ಏನೂ ಹರಿಯಲಿಲ್ಲ. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಕೋಣೆಯಲ್ಲಿದ್ದವರು ಮೊದಲನೆಯದಕ್ಕೆ ಏನೋ ಒಂದು ಕಾರಣ ಹೇಳಿಕೊಂಡು ಎರಡನೆಯದನ್ನು ನಂಬಿದರು. ರಾತ್ರಿ ಎಂಟರ ಸುಮಾರಿಗೆ ಪರೀಕ್ಷೆ ಪಾಸಾಯಿತು. ಹತ್ತು ಗಂಟೆ ಹೊಡೆಯುವುದಕ್ಕೆ ಮುಂಚೆ ರಿಗ್ ಸ್ಫೋಟಿಸಿತ್ತು.

ಇಡೀ ಚಿತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು ಇದೊಂದೇ ದೃಶ್ಯ. ಬೆಂಕಿಯಿಲ್ಲ, ಕಿರುಚಾಟವಿಲ್ಲ; ನಾಲ್ಕಾರು ಜನ ಅನುಭವಸ್ಥರು ಒಂದು ಮುಳ್ಳನ್ನು ನೋಡುತ್ತ ನಿಂತಿದ್ದಾರೆ, ಅಷ್ಟೆ. ನಿರ್ದೇಶಕ ಪೀಟರ್ ಬರ್ಗ್ ಇದನ್ನು ಅವಸರಪಡಿಸದೆ ತೆಗೆದದ್ದಕ್ಕೆ ಶಹಭಾಸ್ ಎನ್ನಬೇಕು.

ಆದರೆ ತಕರಾರೂ ಇದೇ ದೃಶ್ಯದಲ್ಲಿದೆ. ಜಾನ್ ಮಾಲ್ಕೊವಿಚ್ ಬಿಪಿ ಕಂಪೆನಿಯ ಮನುಷ್ಯನಾಗಿ ಬಂದು, ಎಳೆದೆಳೆದು ಮಾತಾಡಿ ಉಳಿದವರ ಬಾಯಿ ಮುಚ್ಚಿಸುತ್ತಾನೆ. ನಮಗೆ ಬೈಯಲು ಒಂದು ಮುಖ ಸಿಕ್ಕಿತು, ಸಮಾಧಾನವಾಯಿತು. ವಾಸ್ತವದಲ್ಲಿ ಆ ಫಲಿತಾಂಶವನ್ನು ಬಿಪಿಯವರೂ ಒಪ್ಪಿದರು, ರಿಗ್ಗಿನ ಮಾಲೀಕರಾದ ಟ್ರಾನ್ಸ್‌ಓಷನ್ನಿನವರೂ ಒಪ್ಪಿದರು. ಅಮೆರಿಕದ ಅಧ್ಯಕ್ಷರು ನೇಮಿಸಿದ್ದ ಆಯೋಗ 2011ರಲ್ಲಿ, ದೋಷ ಇಡೀ ವ್ಯವಸ್ಥೆಯದೆಂದು ಹೇಳಿತು. 2014ರಲ್ಲಿ ನ್ಯಾಯಾಲಯ ಹೊಣೆಯನ್ನು ಹಂಚಿದ್ದು ಬಿಪಿಗೆ ಶೇ. 67, ಟ್ರಾನ್ಸ್‌ಓಷನ್‌ಗೆ ಶೇ. 30, ಸಿಮೆಂಟು ಹಾಕಿದ ಹ್ಯಾಲಿಬರ್ಟನ್‌ಗೆ ಶೇ. 3 ಎಂದು. ರಿಗ್ಗಿನಲ್ಲಿದ್ದ ಬಿಪಿಯ ಇಬ್ಬರು ಮೇಲ್ವಿಚಾರಕರ ಮೇಲೆ ಹೊರಿಸಿದ್ದ ನರಹತ್ಯೆಯ ಆರೋಪವನ್ನು 2015ರಲ್ಲಿ ಸರ್ಕಾರವೇ ಹಿಂತೆಗೆದುಕೊಂಡಿತು. ಒಬ್ಬರು ಮಾಲಿನ್ಯದ ಸಣ್ಣ ಅಪರಾಧವನ್ನು ಒಪ್ಪಿಕೊಂಡರು, ಇನ್ನೊಬ್ಬರು ಖುಲಾಸೆಯಾದರು. ಮರುವರ್ಷ, 2016ರಲ್ಲಿ, ಚಿತ್ರ ತೆರೆಕಂಡಿತು. ನ್ಯಾಯಾಲಯ ಕೈಬಿಟ್ಟದ್ದನ್ನು ಸಿನಿಮಾ ಎತ್ತಿಕೊಂಡಿತು. ಆಗ ಬದುಕಿದ್ದ ಒಬ್ಬ ಮನುಷ್ಯನ ನಿಜವಾದ ಹೆಸರಿನಲ್ಲೇ ಖಳನಾಯಕನನ್ನು ಕಟ್ಟುವುದು ಸಣ್ಣ ಮಾತಲ್ಲ. ಕೊನೆಯಲ್ಲಿ ಸತ್ತ 11 ಜನರ ಮುಖಗಳನ್ನು ತೋರಿಸುವ ಗೌರವ ದೊಡ್ಡದು, ಒಪ್ಪುತ್ತೇನೆ. ಅದು ಈ ತಕರಾರಿಗೆ ಉತ್ತರವಾಗುವುದಿಲ್ಲ.

ಖಳನೇ ಇಲ್ಲದೆ ಇಂಥ ಕಥೆ ಹೇಳಲಾಗದೇ? 2013ರ ‘ಫೈರ್ ಇನ್ ದಿ ನೈಟ್’ ಎಂಬ ಸಾಕ್ಷ್ಯಚಿತ್ರ ಸಿಕ್ಕರೆ ನೋಡಿ. 1988ರ ಜುಲೈ 6ರಂದು ಸ್ಕಾಟ್ಲೆಂಡಿನ ಆಚೆ ಉತ್ತರ ಸಮುದ್ರದಲ್ಲಿ ಪೈಪರ್ ಆಲ್ಫಾ ಎಂಬ ತೈಲ ವೇದಿಕೆ ಉರಿದುಹೋಗಿ 167 ಜನ ಸತ್ತರು. ಕಾರಣ ಕೇಳಿದರೆ ನಂಬಲಾಗದು. ಹಗಲು ಪಾಳಿಯವರು ಒಂದು ಪಂಪಿನ ಸುರಕ್ಷಾ ಕವಾಟವನ್ನು ದುರಸ್ತಿಗೆ ಬಿಚ್ಚಿದ್ದರು. ಕೆಲಸ ಮುಗಿಯದೆ ಸಂಜೆಯಾಯಿತು. ಆ ವಿಷಯದ ಪರ್ಮಿಟ್ ಕಾಗದ ರಾತ್ರಿ ಪಾಳಿಯವರ ಗಮನಕ್ಕೆ ಬರಲಿಲ್ಲ. ಇನ್ನೊಂದು ಪಂಪು ಕೆಟ್ಟಿತು, ಇವರು ಇದನ್ನು ಚಾಲೂ ಮಾಡಿದರು. ಬೆಂಕಿ ಹತ್ತಿದ ಮೇಲೂ ಪಕ್ಕದ ವೇದಿಕೆಗಳಿಂದ ಕೊಳವೆಗಳಲ್ಲಿ ಇಂಧನ ಬರುತ್ತಲೇ ಇತ್ತು. ವಸತಿ ಕೋಣೆಗಳಲ್ಲಿ ಸೇರಿ ಹೆಲಿಕಾಪ್ಟರಿಗೆ ಕಾಯಬೇಕೆಂಬುದು ನಿಯಮ. ಬಹಳ ಮಂದಿ ಕಾದರು, ಹೊಗೆಯಲ್ಲಿ ಸತ್ತರು. ಉಳಿದ 61 ಜನರಲ್ಲಿ ಹೆಚ್ಚಿನವರು ನಿಯಮ ಮುರಿದು ಹಗ್ಗ ಹಿಡಿದು ಇಳಿದವರು ಇಲ್ಲವೇ ಕಡಲಿಗೆ ಹಾರಿದವರು. ಅಂದರೆ ಆ ರಾತ್ರಿ ಪ್ರಾಣ ಉಳಿಸಿದ್ದು ಅವರು ಹೆದರಬೇಕಿದ್ದ ಸಮುದ್ರವೇ.

ಪೈಪರ್ ಆಲ್ಫಾದ ಬೆಂಕಿ ಆರಿಸಲು ಬಂದವರು ರೆಡ್ ಅಡೈರ್. ‘ಹೆಲ್‌ಫೈಟರ್ಸ್’ (1968) ಚಿತ್ರದಲ್ಲಿ ಜಾನ್ ವೇನ್ ಮಾಡಿದ ಪಾತ್ರಕ್ಕೆ ಇವರೇ ಮಾದರಿ. ಬೆಂಕಿ ಆರಿಸುವವನ ಮೇಲೆ ಸಿನಿಮಾ ತೆಗೆಯುವುದು ಸುಲಭ. ಪಾಳಿ ಬದಲಾಗುವಾಗ ಕೈತಪ್ಪಿದ ಕಾಗದದ ಮೇಲೆ ತೆಗೆಯುವುದು ಕಷ್ಟ. ಲಾರ್ಡ್ ಕಲೆನ್ ವಿಚಾರಣೆ ನಡೆಸಿ 1990ರಲ್ಲಿ ಮಾಡಿದ 106 ಶಿಫಾರಸುಗಳಲ್ಲಿ ಮಾತ್ರ ಆ ಕಾಗದಕ್ಕೆ ಜಾಗ ಸಿಕ್ಕಿತು.

ಇದೆಲ್ಲ ದೂರದ ಮಾತೆಂದುಕೊಳ್ಳಬೇಡಿ. 2005ರ ಜುಲೈ 27ರಂದು ನಮ್ಮ ಬಾಂಬೆ ಹೈನಲ್ಲಿ ಓಎನ್‌ಜಿಸಿಯ ಉತ್ತರ ವೇದಿಕೆ ಎರಡು ಗಂಟೆಯೊಳಗೆ ಸುಟ್ಟುಹೋಯಿತು. 22 ಜನ ಸತ್ತರು. ಅಂದು ಕಡಲು ಶಾಂತವಾಗಿರಲಿಲ್ಲ ನಿಜ, ಮುಂಗಾರು ಜೋರಾಗಿತ್ತು. ಆದರೆ ಶುರುವಾದದ್ದು ಅಲೆಯಿಂದಲ್ಲ. ‘ಸಮುದ್ರ ಸುರಕ್ಷಾ’ ಎಂಬ ಸಹಾಯಕ ಹಡಗಿನಲ್ಲಿ ಅಡಿಗೆಯವರೊಬ್ಬರ ಬೆರಳು ತುಂಡಾಯಿತು. ಹವಾಮಾನ ಕೆಟ್ಟು ಹೆಲಿಕಾಪ್ಟರ್ ಬರುವಂತಿರಲಿಲ್ಲ. ಗಾಯಾಳುವಿಗೆ ಚಿಕಿತ್ಸೆ ಕೊಡಿಸಲೆಂದು ಹಡಗು ವೇದಿಕೆಯ ಪಕ್ಕಕ್ಕೆ ಬಂದು, ಅನಿಲದ ಕೊಳವೆಗೆ ಬಡಿಯಿತು.

ಇದನ್ನು ಯಾರಾದರೂ ಚಿತ್ರ ಮಾಡುವುದಾದರೆ ಮೊದಲ ದೃಶ್ಯ ಎಲ್ಲಿರಬೇಕು, ಬೈಯಲು ಯಾರ ಮುಖ ಹುಡುಕಬೇಕು? ಇನ್ನು ನೀವು ಮಾತಾಡಿ, ನಾನು ಕೇಳುತ್ತೇನೆ.